12 ಅಂಕಿಯ ಕ್ಯಾಲ್ಕುಲೇಟರಿಗೆ ಮಹಾವೀರಾಚಾರ್ಯರ ಹಾರದ ಪರೀಕ್ಷೆ

ಹುಬ್ಬಳ್ಳಿಯ ದುರ್ಗದಬೈಲಿನಿಂದ ಜವಳಿ ಸಾಲಿನವರೆಗೆ ಯಾವ ಅಂಗಡಿಗೆ ಹೋದರೂ ಗಲ್ಲೆಯ ಪಕ್ಕದಲ್ಲಿ ಓರೆಯಾಗಿ ಎದ್ದ ಪರದೆಯ ಕ್ಯಾಲ್ಕುಲೇಟರ್ ಒಂದು ಇದ್ದೇ ಇರುತ್ತದೆ. ಜೇಬಿನಲ್ಲಿ ಮೊಬೈಲ್ ಇದ್ದರೂ ಲೆಕ್ಕ ಬಂದಾಗ ವರ್ತಕರು ಇದನ್ನೇ ಎಳೆದುಕೊಳ್ಳುತ್ತಾರೆ; ಬೆರಳಿಗೆ ಗುಂಡಿ ಸಿಗುತ್ತದೆ, ಎದುರಿನ ಗಿರಾಕಿಗೆ ತಿರುಗಿಸಿ ತೋರಿಸಬಹುದು, ನಡುವೆ ಕರೆ ಬಂದು ಮೊತ್ತ ಮಾಯವಾಗುವ ಭಯವಿಲ್ಲ. ಈ ಬರಹ ಅಂಥದೊಂದು ಯಂತ್ರದ ವಿಮರ್ಶೆ. ನಾನು ಕೊಂಡದ್ದು 12 ಅಂಕಿಯ, ಬೆಳಕು ಮತ್ತು ಬ್ಯಾಟರಿ ಎರಡರಿಂದಲೂ ನಡೆಯುವ, ಐನೂರು ರೂಪಾಯಿಯೊಳಗೆ ಸಿಗುವ ಮೇಜಿನ ಮಾದರಿ. ಇದೇ ವರ್ಗದ ಯಂತ್ರಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿ ತಯಾರಿಸುವುದರಿಂದ ಕಂಪನಿಯ ಹೆಸರನ್ನು ಬಿಟ್ಟು ವರ್ಗದ ಗುಣದೋಷಗಳನ್ನೇ ಹೇಳುವುದು ಓದುಗರಿಗೆ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

ಇಂಥ ಯಂತ್ರವನ್ನು ಅಂಗಡಿಯ ಲೆಕ್ಕದಿಂದ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. 12 ಅಂಕಿಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಸಂಖ್ಯೆ 999999999999, ಅಂದರೆ ಒಂದು ಲಕ್ಷ ಕೋಟಿಗೆ ಒಂದು ಕಡಿಮೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಅಡತಿ ಅಂಗಡಿಯಾಗಲಿ, ಅಮರಗೋಳದ ಎಪಿಎಂಸಿ ಪ್ರಾಂಗಣದ ಕಿರಾಣಿ ಸಗಟು ವ್ಯಾಪಾರವಾಗಲಿ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ. ನಿತ್ಯದ ಬೆಲೆ, ತೂಕ, ದಲಾಲಿಗಳ ಗುಣಾಕಾರದಲ್ಲಿ ಯಂತ್ರ ತಪ್ಪಿದರೂ ಉತ್ತರ ನೋಡಿದ ಮಾತ್ರಕ್ಕೆ ಅದು ನಮಗೆ ತಿಳಿಯುವುದಿಲ್ಲ. 48,736 ಎಂದು ಬಂದರೆ ಅದು 48,763 ಆಗಬೇಕಿತ್ತು ಎಂದು ಹೇಳುವವರು ಯಾರು? ಪರೀಕ್ಷೆಗೆ ಬೇಕಾದದ್ದು ಉತ್ತರದ ರೂಪವೇ ಅದರ ಸರಿತಪ್ಪನ್ನು ಸಾರುವಂಥ ದೊಡ್ಡ ಸಂಖ್ಯೆ. ಅಂಥ ಸಂಖ್ಯೆಗಳನ್ನು ಒಂಬತ್ತನೆಯ ಶತಮಾನದಲ್ಲೇ ಕಟ್ಟಿಟ್ಟವರು ಮಹಾವೀರಾಚಾರ್ಯರು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಈ ಜೈನ ಗಣಿತಜ್ಞರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದ ಆರಂಭದ ಪದ್ಯಗಳಲ್ಲಿ ಅರಸನನ್ನು ಸ್ತುತಿಸುತ್ತಾರೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರವನ್ನು, ಅಂದಿನ ಪುಲಿಗೆರೆಯನ್ನು, ಕನ್ನಡದ ತಿರುಳಿನ ನಾಡಿಗೆ ಸೇರಿಸಿದ ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಮೇಲೆ ಅದು ಹೊರಜಗತ್ತಿಗೆ ಪರಿಚಯವಾಯಿತು. ಅದರಲ್ಲಿ ಗುಣಾಕಾರದ ಪ್ರಕರಣಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಕೆಲವು ವಿಶೇಷ ಬಗೆಯವು: ಗುಣ್ಯ, ಗುಣಕಗಳು ಹಲವು ಕಡೆ ನೋಡಲು ಯಾವ ಲಕ್ಷಣವೂ ಇಲ್ಲದ ಸಂಖ್ಯೆಗಳು, ಆದರೆ ಗುಣಲಬ್ಧ ಮಾತ್ರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವುಗಳನ್ನು ಅವರು ಕೊರಳ ಹಾರಕ್ಕೆ, ಅರಸನ ಕಂಠಾಭರಣಕ್ಕೆ ಹೋಲಿಸಿದ್ದಾರೆ.

ಈ ಹಾರಗಳನ್ನು ಉದ್ದದ ಕ್ರಮದಲ್ಲಿ ಇಟ್ಟುಕೊಂಡರೆ, ಇಂದಿನ ಮಾರುಕಟ್ಟೆಯ ಕ್ಯಾಲ್ಕುಲೇಟರುಗಳ ದರ್ಜೆಗೆ ತಕ್ಕ ಅಳತೆಗೋಲು ತಾನಾಗಿಯೇ ಸಿದ್ಧವಾಗುತ್ತದೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. ಸರಿಯಾಗಿ ಎಂಟು ಅಂಕಿ, ಆದ್ದರಿಂದ ಜೇಬಿನ ಅಗ್ಗದ 8 ಅಂಕಿಯ ಯಂತ್ರದ ಪರದೆ ಪೂರ್ತಿ ತುಂಬುತ್ತದೆ. ಪರದೆಯ ಯಾವುದಾದರೂ ಮನೆಯಲ್ಲಿ 1 ಎಂಬ ಅಂಕಿಯ ಎರಡು ಗೆರೆಗಳಲ್ಲಿ ಒಂದು ಸತ್ತಿದ್ದರೆ ಅಲ್ಲೇ ಕಾಣುತ್ತದೆ. ಆದರೆ ಅದೇ ಯಂತ್ರ 12345679ನ್ನು 9ರಿಂದ ಗುಣಿಸಲಾರದು, ಯಾಕೆಂದರೆ ಉತ್ತರ 111111111, ಒಂಬತ್ತು ಅಂಕಿ. 142857143ನ್ನು 7ರಿಂದ ಗುಣಿಸಿದರೆ ಬರುವ 1000000001, ಹಾಗೂ 11011011ನ್ನು 91ರಿಂದ ಗುಣಿಸಿದರೆ ಬರುವ 1002002001, ಇವೆರಡೂ 10 ಅಂಕಿಯ ಯಂತ್ರದ ಅಂಚಿಗೆ ಮುಟ್ಟುವ ಹಾರಗಳು. ಅದರಾಚೆಗೆ 27994681ನ್ನು 441ರಿಂದ ಗುಣಿಸಿದಾಗ ಬರುವುದು 12345654321. ಹನ್ನೊಂದು ಅಂಕಿಯ ಈ ಹಾರಕ್ಕೆ 12 ಅಂಕಿಯ ಯಂತ್ರವೇ ಬೇಕು. ಎಲ್ಲಕ್ಕಿಂತ ಉದ್ದದ್ದು 333333666667ನ್ನು 33ರಿಂದ ಗುಣಿಸಿದಾಗಿನ 11000011000011, ಹದಿನಾಲ್ಕು ಅಂಕಿ. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದಿನ ಒಂದು ಪಾಠದ ಉದಾಹರಣೆಗಳು 8, 10, 12, 14 ಎಂಬ ಇಂದಿನ ತಯಾರಕರ ಮೆಟ್ಟಿಲುಗಳಿಗೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಕೇವಲ ಕಾಕತಾಳೀಯ, ಆದರೆ ಬಲು ಅನುಕೂಲದ ಕಾಕತಾಳೀಯ.

ನನ್ನ ಯಂತ್ರಕ್ಕೆ ಹಾಕಿದ ಮುಖ್ಯ ಪರೀಕ್ಷೆ 12345654321. ಇದನ್ನು ನಮ್ಮ ರೀತಿಯಲ್ಲಿ ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರಾಚಾರ್ಯರು ಸಂಖ್ಯಾಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಎಂದು ಹೆಸರಿಸಿದ್ದಾರೆ. ಆ ಪಟ್ಟಿಯಲ್ಲಿ ಹನ್ನೊಂದನೆಯದು ಅರ್ಬುದ, ಹನ್ನೆರಡನೆಯದು ನ್ಯರ್ಬುದ. ಹಾಗಾಗಿ ಈ ಹಾರದ ಎಡತುದಿಯ ಒಂದು ಅರ್ಬುದ ಸ್ಥಾನದಲ್ಲಿದೆ, ಯಂತ್ರದ ಓಟ ನ್ಯರ್ಬುದಕ್ಕೆ, ಎಂದರೆ ಆಚಾರ್ಯರ ಪಟ್ಟಿಯ ನೇರ ಅರ್ಧಕ್ಕೆ ಮುಗಿಯುತ್ತದೆ.

ಗುಣಾಕಾರ ಯಂತ್ರದಲ್ಲಿ ತಟ್ಟನೆ ಬಂತು, ಸರಿಯಾಗಿಯೂ ಬಂತು. ಅದು ದೊಡ್ಡ ಸಂಗತಿಯಲ್ಲ. ಗಮನಿಸಬೇಕಾದದ್ದು, ಬೆರಳು ತಪ್ಪಿದಾಗ ಈ ಸಂಖ್ಯೆ ಎಷ್ಟು ಬೇಗ ಅದನ್ನು ಬಯಲು ಮಾಡುತ್ತದೆ ಎಂಬುದು. 441ರ ಬದಲು 414 ಒತ್ತಿದರೆ ಉತ್ತರ 11589797934; ಏರಿಕೆಯಿಲ್ಲ, ಇಳಿಕೆಯಿಲ್ಲ, ಹಾರ ಹರಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಹಳೆಯ ಗುಮಾಸ್ತರು ಗುಣಾಕಾರವನ್ನು ತಾಳೆ ನೋಡಲು ಬಳಸುತ್ತಿದ್ದ ಒಂಬತ್ತರ ಶೇಷದ ವಿಧಾನಕ್ಕೆ ಈ ತಪ್ಪು ಸಿಕ್ಕುವುದಿಲ್ಲ, ಏಕೆಂದರೆ ಅದು ನೋಡುವುದು ಅಂಕಿಗಳ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ಉಳಿದ ಶೇಷವನ್ನು ಮಾತ್ರ, ಗುಣಕದ ಅಂಕಿಗಳು ಅದಲುಬದಲಾದರೆ ಆ ಶೇಷ ಬದಲಾಗುವುದಿಲ್ಲ: ಸರಿ ಉತ್ತರದ ಅಂಕಿಗಳ ಮೊತ್ತ 36, ತಪ್ಪು ಉತ್ತರದ್ದು 63, ಎರಡೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಕಿರ್ದಿ ಬರೆಯುವಾಗ ನಾವು ಅತಿ ಹೆಚ್ಚು ಮಾಡುವ ತಪ್ಪು ಅಂಕಿಗಳ ಈ ಅದಲುಬದಲೇ. ಗುಂಡಿಗಳ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ. ವೇಗವಾಗಿ ಒತ್ತಿದಾಗ ಕೆಲವು ಅಗ್ಗದ ಯಂತ್ರಗಳು ನಾಲ್ಕು, ನಾಲ್ಕು ಎಂಬ ಜೋಡಿ ಒತ್ತನ್ನು ಒಂದೇ ಎಂದು ತಿಳಿಯುತ್ತವೆ. ಈ ಯಂತ್ರ ಹಾಗೆ ಮಾಡಲಿಲ್ಲ. 27994681ರ ನಡುವಿನ ಎರಡು ಒಂಬತ್ತುಗಳನ್ನೂ ಅದು ಎಂದೂ ನುಂಗಲಿಲ್ಲ.

ವರ್ಗಮೂಲದ ಗುಂಡಿಯನ್ನು ಪರೀಕ್ಷಿಸಲೂ ಇದೇ ಸಂಖ್ಯೆ ಸಾಕು. ಪರದೆಯಲ್ಲಿ 12345654321 ಇರುವಾಗ ವರ್ಗಮೂಲ ಒತ್ತಿದರೆ 111111 ಎಂದು ಬರಬೇಕು, ಬಿಂದುವಿನ ನಂತರ ಯಾವ ಬಾಲವೂ ಇರಬಾರದು. ಬಂತು. ಆರು ಒಂದುಗಳ ಸಂಖ್ಯೆಯ ವರ್ಗ ಹೀಗೆ ಏರಿ ಇಳಿಯುವ ಕಾರಣ ಸರಳವಾಗಿದೆ. ಕಾಗದದ ಮೇಲೆ 111111ನ್ನು 111111ರಿಂದ ಗುಣಿಸಿದರೆ ಒಂದೇ ಸಾಲು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿದು ಬರುತ್ತದೆ. ಬಲತುದಿಯ ಕಂಬದಲ್ಲಿ ಒಂದು ಒಂದು, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಮತ್ತೆ ಐದು, ನಾಲ್ಕು ಎಂದು ಕಡಿಮೆಯಾಗುತ್ತ ಹೋಗುತ್ತವೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ದಶಕವಿಲ್ಲ, ಹಾರಕ್ಕೆ ಗಂಟು ಬೀಳುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಆಟ ನಡೆಯುತ್ತದೆ. ಹತ್ತು ಒಂದುಗಳಾದಾಗ ನಡುವಿನ ಕಂಬದಲ್ಲಿ ಹತ್ತು ಬಂದು, ದಶಕ ಎಡಕ್ಕೆ ಹರಿದು, ವರ್ಗ 1234567900987654321 ಆಗಿ ಸೊಬಗು ಕೆಡುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಏಳು ಒಂದುಗಳ ವರ್ಗ 1234567654321, ಹದಿಮೂರು ಅಂಕಿ. ಆದ್ದರಿಂದ ಈ ಕುಟುಂಬದಲ್ಲಿ 12 ಅಂಕಿಯ ಪರದೆಗೆ ಹಿಡಿಸುವ ಅತಿ ದೊಡ್ಡ ಸದಸ್ಯ 12345654321, ಒಂದರಿಂದ ಏರಿ ಆರಕ್ಕೆ ಮುಟ್ಟಿ ಮತ್ತೆ ಕ್ರಮವಾಗಿ ಇಳಿಯುವುದೆಂದು ಆಚಾರ್ಯರು ವರ್ಣಿಸಿದ ಸಂಖ್ಯೆಯೇ. ಅದಕ್ಕಿಂತಲೂ ನನಗೆ ಇಷ್ಟವಾದದ್ದು ಅವರು ಕೊಟ್ಟ ಗುಣ್ಯ, ಗುಣಕಗಳ ಆಯ್ಕೆ. 111111 ಎಂದರೆ 111 ಗುಣಿಸು 1001. 111ರಲ್ಲಿ 3 ಮತ್ತು 37, 1001ರಲ್ಲಿ 7, 11 ಮತ್ತು 13 ಅಡಗಿವೆ. ಹೀಗೆ 111111 ಐದು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ, ಅದರ ವರ್ಗದಲ್ಲಿ ಐದೂ ಎರಡೆರಡು ಸಲ ಬರುತ್ತವೆ. 441 ಎಂಬುದು 21ರ ವರ್ಗ, ಎಂದರೆ 3 ಮತ್ತು 7ರ ಪಾಲು. 27994681 ಎಂಬುದು 5291ರ ವರ್ಗ, ಎಂದರೆ 11, 13 ಮತ್ತು 37ರ ಪಾಲು. 111111ನ್ನು ತನ್ನಿಂದ ತಾನೇ ಗುಣಿಸು ಎಂದಿದ್ದರೆ ಶಿಷ್ಯನಿಗೆ ಉತ್ತರ ಮೊದಲೇ ಹೊಳೆಯುತ್ತಿತ್ತು. ಅವಿಭಾಜ್ಯಗಳನ್ನು ಎರಡು ಗುಂಪು ಮಾಡಿ, ಒಂದು ದೊಡ್ಡ ಅಪರಿಚಿತ ಸಂಖ್ಯೆ ಮತ್ತು ಒಂದು ಸಣ್ಣ ಗುಣಕವಾಗಿ ಹಂಚಿದ್ದರಿಂದ ಹಾರ ಕೊನೆಯ ಕ್ಷಣದವರೆಗೂ ಮರೆಯಲ್ಲಿರುತ್ತದೆ. ಇದು ಲೆಕ್ಕ ಹಾಕಿ ಮಾಡಿದ ಮರೆಯೆಂದೇ ನಾನು ತಿಳಿಯುತ್ತೇನೆ.

ಭಾಗಾಕಾರದ ಗುಂಡಿಗೆ ಕೆಲಸ ಕೊಡಲು ಇದೇ ಅಪವರ್ತನವನ್ನು ಹಿಂದುಮುಂದಾಗಿ ನಡೆಸಬಹುದು. 12345654321ನ್ನು 3ರಿಂದ ಎರಡು ಸಲ ಭಾಗಿಸಿದರೆ 1371739369, 7ರಿಂದ ಎರಡು ಸಲ ಭಾಗಿಸಿದರೆ 27994681, 11ರಿಂದ ಎರಡು ಸಲ ಭಾಗಿಸಿದರೆ 231361, 13ರಿಂದ ಎರಡು ಸಲ ಭಾಗಿಸಿದರೆ 1369, ಅದು 37ರ ವರ್ಗ. ಅಲ್ಲಿಂದ ಎರಡು ಹೆಜ್ಜೆಗೆ 1. ನಡುವೆ ಎಲ್ಲೂ ದಶಮಾಂಶ ಬಿಂದು ಕಾಣಿಸಿಕೊಳ್ಳಬಾರದು. ಇದನ್ನು ಮಾಡಿದ ಮೇಲೆ ಯಂತ್ರದ ಚೆಕ್ ಸೌಲಭ್ಯವನ್ನು ಬಳಸಿ ಹೆಜ್ಜೆಗಳನ್ನು ಒಂದೊಂದಾಗಿ ಹಿಂದಕ್ಕೆ ಓದಿದೆ. ನೂರಕ್ಕೂ ಹೆಚ್ಚು ಹೆಜ್ಜೆಗಳನ್ನು ನೆನಪಿಡುವ ಯಂತ್ರಕ್ಕೆ ಹತ್ತು ಭಾಗಾಕಾರಗಳು ಏನೂ ಅಲ್ಲ, ಆದರೆ ನಡುವಿನ ಒಂದು ಭಾಜಕವನ್ನು ತಿದ್ದಿ ಮತ್ತೆ ಓಡಿಸುವ ಅನುಕೂಲ ನಿಜಕ್ಕೂ ಮೆಚ್ಚುವಂಥದ್ದು. ಉದ್ದನೆಯ ಬಿಲ್ಲುಗಳನ್ನು ಕೂಡುವವರಿಗೆ ಈ ಒಂದು ಸೌಲಭ್ಯಕ್ಕಾಗಿಯೇ ಈ ವರ್ಗದ ಯಂತ್ರ ಬೇಕು. ಅಂದಹಾಗೆ 12345654321ಕ್ಕೆ ಒಟ್ಟು 243 ಭಾಜಕಗಳಿವೆ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. ಮೂರನ್ನು ಐದು ಸಲ ಗುಣಿಸಿದರೆ 243.

ಪರದೆಯ ಹನ್ನೆರಡೂ ಮನೆಗಳನ್ನು ತುಂಬಿಸಬೇಕೆಂದರೆ ಹಾರದ ಅಂಕಿಗಳನ್ನೇ ಕೂಡಿಸಿ ಬಂದ 36ರಿಂದ ಅದನ್ನು ಗುಣಿಸಬೇಕು. ಬರುವುದು 444443555556. ಅಂಕಿಗಳ ಮೊತ್ತವಾದ 36 ತಾನೇ 6ರ ವರ್ಗವಾದ್ದರಿಂದ ಈ ಗುಣಲಬ್ಧವೂ ವರ್ಗವೇ. ಮೂಲ ತೆಗೆದರೆ 666666. ಯಂತ್ರ ಇದನ್ನೂ ತಪ್ಪಿಲ್ಲದೆ ಕೊಟ್ಟಿತು. ಗುಣಾಕಾರದ ಗುಂಡಿಯನ್ನು ಎರಡು ಸಲ ಒತ್ತಿ ಒಂದು ಸಂಖ್ಯೆಯನ್ನು ಸ್ಥಿರಾಂಕವಾಗಿ ಹಿಡಿದಿಡುವ ಸೌಲಭ್ಯವೂ ಇದರಲ್ಲಿದೆ. 12345679ನ್ನು ಹಾಗೆ ಹಿಡಿದಿಟ್ಟು 9, 18, 27 ಎಂದು ಒತ್ತುತ್ತ ಹೋದರೆ 111111111, 222222222, 333333333 ಎಂದು ಸಾಲಾಗಿ ಬರುತ್ತವೆ. ಎಂಟು ಇಲ್ಲದ ಈ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿಯಲು 1ನ್ನು 81ರಿಂದ ಭಾಗಿಸಿ ನೋಡಬಹುದು: 0.01234567901.

ಇನ್ನು ಯಂತ್ರಕ್ಕೆ ಶಕ್ತಿಮೀರಿದ ಲೆಕ್ಕ ಕೊಟ್ಟಾಗ ಅದು ಏನು ಮಾಡುತ್ತದೆ ಎಂಬುದನ್ನು ನೋಡೋಣ. ನನ್ನ ಮಟ್ಟಿಗೆ ಕ್ಯಾಲ್ಕುಲೇಟರಿನ ಯೋಗ್ಯತೆ ತೀರ್ಮಾನವಾಗುವುದು ಇಲ್ಲಿಯೇ. 333333666667ನ್ನು 33ರಿಂದ ಗುಣಿಸಿದಾಗ ಪರದೆಯ ಅಂಚಿನಲ್ಲಿ ದೋಷವನ್ನು ಸೂಚಿಸುವ ಇ ಎಂಬ ಇಂಗ್ಲಿಷ್ ಅಕ್ಷರ ಮೂಡಿತು, ಜೊತೆಗೆ 11.0000110000 ಎಂಬ ಸಂಖ್ಯೆ ನಿಂತಿತು. ಇದನ್ನು ಒಂದು ಲಕ್ಷ ಕೋಟಿಯಿಂದ ಗುಣಿಸಿ ಓದಿಕೊಳ್ಳಬೇಕು; ಹಾರದ ಬಲತುದಿಯ 11 ಕತ್ತರಿಸಿಹೋಗಿದೆ. ಅಲ್ಲಿಂದ ಮುಂದೆ ಅಳಿಸುವ ಗುಂಡಿ ಒತ್ತುವವರೆಗೆ ಯಂತ್ರ ಒಂದೂ ಲೆಕ್ಕ ಮಾಡುವುದಿಲ್ಲ. ಇದನ್ನು ದೌರ್ಬಲ್ಯವೆಂದು ಹೇಳುವವರಿದ್ದಾರೆ, ನಾನು ಗುಣವೆಂದು ಹೇಳುತ್ತೇನೆ. ತನಗೆ ಪೂರ್ತಿ ತೋರಿಸಲಾಗದ ಉತ್ತರವನ್ನು ಅದು ಪೂರ್ತಿ ಉತ್ತರದಂತೆ ಮುಂದಿಡುವುದಿಲ್ಲ.

ಹೋಲಿಕೆಗೆ ಕಾಲೇಜು ವಿದ್ಯಾರ್ಥಿಗಳ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ತೆಗೆದುಕೊಳ್ಳಿ. ಅದು ಹೆಚ್ಚು ಬುದ್ಧಿವಂತ ಯಂತ್ರ, ಬೆಲೆಯೂ ಹೆಚ್ಚು, ಆದರೆ ಅದರ ಪರದೆಯಲ್ಲಿ ಸಾಮಾನ್ಯವಾಗಿ ಸಂಖ್ಯೆಗೆ ಹತ್ತೇ ಅಂಕಿಗಳ ಜಾಗ. ಅದರಲ್ಲಿ ಆಚಾರ್ಯರ ಹಾರ 1.234565432 ಗುಣಿಸು 10ರ 10ನೆಯ ಘಾತ ಎಂದು ಕಾಣಿಸುತ್ತದೆ. ಕೊನೆಯ 1 ಯಾವ ಸೂಚನೆಯೂ ಇಲ್ಲದೆ ಮರೆಯಾಗುತ್ತದೆ. ಅದು ಒಳಗೆ ಇನ್ನೂ ಕೆಲವು ಅಂಕಿಗಳನ್ನು ಇಟ್ಟುಕೊಂಡಿರುವುದರಿಂದ ಉತ್ತರದಿಂದ 12345650000ನ್ನು ಕಳೆದರೆ 4321 ಹೊರಬರುತ್ತದೆ. ಈ ಉಪಾಯ ಗೊತ್ತಿದ್ದವರಿಗೆ ಸರಿ, ಗೊತ್ತಿಲ್ಲದ ವಿದ್ಯಾರ್ಥಿಗೆ ಹಾರ ಅಲ್ಲಿ ಕಾಣುವುದೇ ಇಲ್ಲ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಇನ್ನೂ ಒಂದು ಹೆಜ್ಜೆ ಮುಂದೆ: ಹದಿನೈದು ಅಂಕಿಗಳಿಗಿಂತ ಉದ್ದದ ಸಂಖ್ಯೆಯನ್ನು ಕೋಶದಲ್ಲಿ ಬರೆದರೆ ಉಳಿದವನ್ನು ಸೊನ್ನೆಗಳಾಗಿ ಮಾಡಿಬಿಡುತ್ತದೆ. ಒಂಬತ್ತು ಒಂದುಗಳ ವರ್ಗವಾದ 12345678987654321 ಅಲ್ಲಿ 12345678987654300 ಆಗಿ ಕೂರುತ್ತದೆ, ಎಚ್ಚರಿಕೆಯ ಒಂದು ಅಕ್ಷರವೂ ಇಲ್ಲದೆ. ಹದಿನಾರು ಅಂಕಿಯ ಕಾರ್ಡ್ ಸಂಖ್ಯೆಗಳನ್ನು ಹಾಗೆ ತುಂಬಿಸಿ ಕೊನೆಯ ಅಂಕಿಯನ್ನು ಕಳೆದುಕೊಂಡವರು ನಮ್ಮ ಊರಿನಲ್ಲೂ ಇದ್ದಾರೆ. ನನ್ನ ಫೋನಿನ ಕ್ಯಾಲ್ಕುಲೇಟರ್ ಮಾತ್ರ ಹದಿನೇಳು ಅಂಕಿಗಳನ್ನೂ ನಿಷ್ಠೆಯಿಂದ ಕೊಡುತ್ತದೆ. ಉದ್ದದ ಸಂಖ್ಯೆಗಳೇ ಬೇಕೆಂದರೆ ಫೋನೇ ಮೇಲು ಎಂದು ಒಪ್ಪಿಕೊಳ್ಳಬೇಕು.

ಭಿನ್ನರಾಶಿಗಳಲ್ಲಿ ಈ ಯಂತ್ರದ ಪ್ರಾಮಾಣಿಕತೆ ಸ್ವಲ್ಪ ಮುಜುಗರ ತರುತ್ತದೆ. 1ನ್ನು 7ರಿಂದ ಭಾಗಿಸಿದರೆ 0.14285714285, ಅದನ್ನೇ ಮತ್ತೆ 7ರಿಂದ ಗುಣಿಸಿದರೆ 1 ಬರುವುದಿಲ್ಲ, 0.99999999995 ಬರುತ್ತದೆ. 13ರಿಂದ ಭಾಗಿಸಿ ಗುಣಿಸಿದರೆ 0.99999999996. ಯಂತ್ರ ತಾನು ತೋರಿಸಿದ ಅಂಕಿಗಳನ್ನೇ ಮುಂದಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ತೆರೆಯ ಹಿಂದೆ ಏನನ್ನೂ ಬಚ್ಚಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ದರವನ್ನು ಬದಲಿಸಬೇಕಾದಾಗ ಮೊದಲು ಗುಣಿಸಿ ಆಮೇಲೆ ಭಾಗಿಸುವುದು ಲೇಸು. ಮಹಾವೀರಾಚಾರ್ಯರು 142857ನ್ನು ಬಿಟ್ಟು 142857143ನ್ನು ಆರಿಸಿಕೊಂಡದ್ದು ಈ ಬಾಲದ ತಾಪತ್ರಯದಿಂದ ಪಾರಾಗುವಂತಿದೆ: 142857ನ್ನು 7ರಿಂದ ಗುಣಿಸಿದರೆ ಒಂಬತ್ತುಗಳ ಸಾಲು 999999, ಕೊನೆಗೆ 143 ಸೇರಿಸಿದರೆ ಎರಡು ತುದಿಗೆ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ.

ಸೊನ್ನೆಯ ಮಾತು ಬಂದದ್ದರಿಂದ ಒಂದು ಸಣ್ಣ ಪರೀಕ್ಷೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಯಂತ್ರ ಇ ಎಂದು ನಿಂತುಬಿಡುತ್ತದೆ. ಗಣಿತಸಾರಸಂಗ್ರಹ ಇದನ್ನು ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಉಳಿಯುತ್ತದೆ ಎನ್ನುತ್ತದೆ. ಇಲ್ಲಿ ಯಂತ್ರ ಸರಿ, ಆಚಾರ್ಯರು ತಪ್ಪು. ಋಣಸಂಖ್ಯೆಗೆ ವರ್ಗಮೂಲ ಕೇಳಿದರೂ ಯಂತ್ರ ಅದೇ ಅಕ್ಷರವನ್ನು ತೋರಿಸುತ್ತದೆ. ಋಣರಾಶಿ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ ಎಂದು ಆಚಾರ್ಯರು ಸ್ಪಷ್ಟವಾಗಿ ಬರೆದಿರುವುದರಿಂದ ಈ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದೆ.

ದೋಷಗಳಿಗೆ ಬರುತ್ತೇನೆ. ಮೊದಲನೆಯದು ಅಲ್ಪವಿರಾಮ. ನನ್ನ ಯಂತ್ರ ಹಾರವನ್ನು 12,345,654,321 ಎಂದು ಮೂರು ಮೂರು ಅಂಕಿಗಳಾಗಿ ಕಡಿಯುತ್ತದೆ. ಲಕ್ಷ, ಕೋಟಿಗಳಲ್ಲಿ ಯೋಚಿಸುವ ನಮ್ಮ ಪೇಟೆಗೆ ಇದು ಪದೇ ಪದೇ ತೊಡಕು. ಪರದೆಯ ಮೇಲೆ 12,345,654 ಎಂದಿದ್ದರೆ ಅದು ಒಂದು ಕೋಟಿ ಇಪ್ಪತ್ಮೂರು ಲಕ್ಷವೆಂದು ಹೇಳಲು ಅನುಭವಸ್ಥರೂ ಒಂದು ಕ್ಷಣ ತಡೆಯುತ್ತಾರೆ. ಭಾರತೀಯ ಕ್ರಮದಲ್ಲಿ ವಿರಾಮ ಹಾಕುವ ಮಾದರಿಗಳೂ ಮಾರುಕಟ್ಟೆಯಲ್ಲಿವೆ, ಅವುಗಳಲ್ಲಿ ಇದೇ ಸಂಖ್ಯೆ 12,34,56,54,321 ಎಂದು ಕಾಣುತ್ತದೆ. ಹಾರದ ಏರಿಳಿತ ಅದರಲ್ಲಿ ಎಷ್ಟು ಅಂದವಾಗಿ ಕಾಣುತ್ತದೆ ಎಂಬುದನ್ನು ಬಿಟ್ಟರೂ, ಅಂಗಡಿಯ ಬಳಕೆಗೆ ಕೊಳ್ಳುವವರು ಆ ಮಾದರಿಯನ್ನೇ ಕೇಳಿ ಪಡೆಯಬೇಕು. ಬೆಲೆಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ.

ಎರಡನೆಯದು ದಶಮಾಂಶದ ಜಾರುಗುಂಡಿ. ಅದು ದಶಮಾಂಶಗಳನ್ನು ಕತ್ತರಿಸದೆ ತೋರಿಸುವ ಎಫ್ ಎಂಬ ಸ್ಥಾನದಲ್ಲಿದ್ದಾಗ ಮಾತ್ರ ಮೇಲಿನ ಪರೀಕ್ಷೆಗಳೆಲ್ಲ ನಡೆಯುತ್ತವೆ. 2ರ ಸ್ಥಾನದಲ್ಲಿ 81ರ ಭಾಗಾಕಾರ ಬರೇ 0.01 ಎಂದು ಮುಗಿಯುತ್ತದೆ. ಎ ಸ್ಥಾನದಲ್ಲಂತೂ 12345654321 ಒತ್ತಿ ಕೂಡಿಸಿದರೆ ಯಂತ್ರ ತಾನೇ ಕೊನೆಯ ಎರಡು ಅಂಕಿಗಳನ್ನು ಪೈಸೆಯೆಂದು ಭಾವಿಸಿ 123456543.21 ಎಂದು ತೋರಿಸುತ್ತದೆ. ಪೈಸೆ ಸಹಿತ ಬಿಲ್ಲು ಕೂಡುವವರಿಗೆ ಇದು ವರ, ಆದರೆ ಗುಂಡಿ ತೀರಾ ಸಡಿಲವಾಗಿದ್ದು ಒರೆಸುವ ಬಟ್ಟೆ ತಗುಲಿದರೂ ಸರಿಯುತ್ತದೆ. ತೆರಿಗೆಯ ಗುಂಡಿಗಳಿರುವ ಮಾದರಿ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ ಜಿಎಸ್‌ಟಿಯ 12 ಮತ್ತು 28ರ ಹಂತಗಳು ಹೋಗಿವೆ, ಹಳೆಯ ದಾಸ್ತಾನಿನ ಯಂತ್ರಗಳಲ್ಲಿ ಆ ದರಗಳು ಹಾಗೆಯೇ ಕೂತಿರಬಹುದು. ದರವನ್ನು ತಿದ್ದಿಕೊಳ್ಳಲು ಬರುತ್ತದೆಯೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು.

14 ಅಂಕಿಯ ಮಾದರಿಗೆ ಹೆಚ್ಚು ಹಣ ಕೊಡಬೇಕೇ ಎಂಬ ಪ್ರಶ್ನೆಯನ್ನು ಅಂಗಡಿಯವರು ಎತ್ತಿಯೇ ಎತ್ತುತ್ತಾರೆ. ಬೇಡವೆಂದು ನನ್ನ ಅಭಿಪ್ರಾಯ. ಉದ್ದದ ಸಂಖ್ಯೆಯನ್ನು ಆರಾರು ಅಂಕಿಗಳ ತುಂಡು ಮಾಡಿದರೆ 12 ಅಂಕಿಯ ಯಂತ್ರವೇ ಸಾಕು, ಪಕ್ಕದಲ್ಲಿ ಒಂದು ಪೆನ್ಸಿಲ್ ಇದ್ದರಾಯಿತು. 333333666667ನ್ನು 333333 ಮತ್ತು 666667 ಎಂದು ಕತ್ತರಿಸಿ. ಬಲತುಂಡನ್ನು 33ರಿಂದ ಗುಣಿಸಿದರೆ 22000011. ಅದರ ಕೊನೆಯ ಆರು ಅಂಕಿಗಳಾದ 000011ನ್ನು ಬರೆದಿಟ್ಟುಕೊಂಡು 22ನ್ನು ದಶಕವಾಗಿ ಹಿಡಿಯಿರಿ. ಎಡತುಂಡನ್ನು 33ರಿಂದ ಗುಣಿಸಿದರೆ 10999989. ಅದಕ್ಕೆ 22 ಕೂಡಿಸಿದರೆ 11000011. ಎರಡನ್ನೂ ಜೋಡಿಸಿದರೆ 11000011000011. ಒಂಬತ್ತು ಒಂದುಗಳ ವರ್ಗವನ್ನೂ ಹೀಗೆಯೇ ಪಡೆಯಬಹುದು: 111111111ನ್ನು 111111 ಸಾವಿರ ಮತ್ತು 111 ಎಂದು ಒಡೆದರೆ, 12345654321ರ ಮುಂದೆ ಆರು ಸೊನ್ನೆ, 24666642ರ ಮುಂದೆ ಮೂರು ಸೊನ್ನೆ, ಕೊನೆಗೆ 12321, ಈ ಮೂರನ್ನು ಒಂದರ ಕೆಳಗೊಂದು ಬರೆದು ಕೂಡಿದರೆ 12345678987654321. ಕೊನೆಗೆ ಸೇರಿಸಿದ ಸೊನ್ನೆಗಳನ್ನು ಬಿಟ್ಟರೆ ಮೂರು ಸಾಲುಗಳೂ ತಾವೇ ಹಾರಗಳು. ಇದನ್ನು ಮಕ್ಕಳಿಗೆ ಒಮ್ಮೆ ಮಾಡಿಸಿದರೆ ಸ್ಥಾನಬೆಲೆಯ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಕೊಳ್ಳುವವರಿಗೆ ಇನ್ನು ಎರಡು ಮಾತು. ಪೆಟ್ಟಿಗೆ ತೆರೆಸಿ ಅಂಗಡಿಯಲ್ಲೇ ಪರೀಕ್ಷಿಸಿ: ಎಫ್ ಸ್ಥಾನಕ್ಕೆ ಸರಿಸಿ 27994681ನ್ನು 441ರಿಂದ ಗುಣಿಸಿ, ಅಳಿಸದೆ 36ರಿಂದ ಗುಣಿಸಿ, ವರ್ಗಮೂಲ ಒತ್ತಿ. 666666 ಬಂದರೆ ಗುಂಡಿಗಳೂ ಪರದೆಯೂ ಒಟ್ಟಿಗೆ ತಾಳೆಯಾದಂತೆ, ಒಂದು ನಿಮಿಷದ ಕೆಲಸ. ಬೆಳಕಿನ ಫಲಕವನ್ನು ಬೆರಳಿನಿಂದ ಮುಚ್ಚಿದಾಗ ಅಂಕಿಗಳು ಮಸುಕಾದರೆ ಬ್ಯಾಟರಿ ಸತ್ತಿದೆ ಎಂದು ತಿಳಿದು ಬೇರೆ ತುಂಡನ್ನು ಕೇಳಿ. ಹೆಸರಾಂತ ಕಂಪನಿಗಳ ನಕಲಿ ಸರಕು ಪೇಟೆಯಲ್ಲಿ ಓಡಾಡುವುದರಿಂದ ಬಿಲ್ಲಿನ ಮೇಲೆ ಮಾದರಿಯ ಹೆಸರನ್ನೂ ದಿನಾಂಕವನ್ನೂ ಬರೆಸಿಕೊಳ್ಳಿ, ವಾರಂಟಿಯ ಚೀಟಿಗೆ ಅಂಗಡಿಯ ಮೊಹರು ಬೀಳುವವರೆಗೆ ಗಲ್ಲೆ ಬಿಟ್ಟು ಕದಲಬೇಡಿ.